ಕಾಲಿಗೆ ಬಡಿಯುತ್ತಿದ್ದ ಬಿಸಿ ಗಾಳಿ

ಅಣ್ಣ ತೀರಿಕೊಂಡ ಮೇಲೂ ಅವನ ಕಾರು ಉಸಿರಾಡುತ್ತಿತ್ತು. ನಾನು ಹೇಳಿದರೆ ಯಾರೂ ನಂಬುವುದಿಲ್ಲ. ಮನೆಯ ಎಮ್ಮೆ ಕರು ಹಾಕಿದ್ದನ್ನು ಆನೆ ಮರಿ ಹಾಕಿತೆಂದು ಗಂಗಾವತಿ ತುಂಬ ಸಾರಿದವನು ನಾನು. ಆದರೆ ಅಣ್ಣನ ಹೆಂಡತಿ, ನಮ್ಮ ವೈನಿ, ಸುಳ್ಳು ಹೇಳುವವರಲ್ಲ; ಬೇಕಾದರೆ ಅವರನ್ನೇ ಕೇಳಿ.

ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಅದು. ಹೀಟರಿನ ಕಡ್ಡಿ ತಣ್ಣನೆಯ ಕಡೆ ಇದ್ದರೂ, ಫ್ಯಾನ್ ಬಂದ್ ಇದ್ದರೂ, ಇಂಜಿನ್ ಕಾದ ಕೂಡಲೇ ಕಾಲಿಗೆ ಬಿಸಿ ಗಾಳಿ ಬಡಿಯುತ್ತಿತ್ತು. ಅದರಲ್ಲಿ ಅಣ್ಣ ಸದಾ ಅಗಿಯುತ್ತಿದ್ದ ಯಾಲಕ್ಕಿಯ ವಾಸನೆ. ಹಿಂದಿನ ಬೇಸಿಗೆಯಲ್ಲಿ ಕುಷ್ಟಗಿಗೆ ಹೋಗುವಾಗ ಇದೇ ಬಿಸಿಗೆ ಜಗಳವಾಡಿ ವೈನಿ ನಡುದಾರಿಯಲ್ಲಿ ಇಳಿದು ಬಸ್ಸು ಹತ್ತಿದ್ದರು. ಮತ್ತೆ ಆ ಕಾರಿನಲ್ಲಿ ಕೂರಲಿಲ್ಲ. ಎರಡು ತಿಂಗಳಿಗೆ ಅಣ್ಣ ಕಾಮಾಲೆಯಿಂದ ಹೋದ.

"ಸೋಮವಾರ ಗುಜರಿಯವ ಬರ್ತಾನ," ಎಂದರು ವೈನಿ. "ಅಷ್ಟರಾಗ ಈ ಬಿಸಿ ನಿಲ್ಲಿಸಿದ್ರ ಕಾರು ನಿಂದು. ಇಲ್ಲಾಂದ್ರ ಹೋಗ್ಲಿ."

ನನಗದು ಬೇಕಿತ್ತು. ಅವನದೆಂದು ಉಳಿದದ್ದು ಅಷ್ಟೇ. ಅವನ ಅಂಗಿಗಳು ನನ್ನ ಹೊಟ್ಟೆಗೆ ಬರುತ್ತಿರಲಿಲ್ಲ.

ಭಾನುವಾರ ಮುಂಜಾನೆ ಇಂಜಿನ್ ಚಾಲೂ ಮಾಡಿ ಕೆಲಸಕ್ಕಿಳಿದೆ. ಹೀಟರಿನದೆಂದು ಒಂದು ಫ್ಯೂಸ್ ಕಿತ್ತೆ, ಹಾರ್ನ್ ಸತ್ತಿತು. ಹೀಟರಿನದೆಂದು ಒಂದು ಕೇಬಲ್ ಜಗ್ಗಿದೆ, ಬಾನೆಟ್ ಠಪ್ಪೆಂದು ತೆರೆಯಿತು. ನಾನು ಹಾರಿದ ರೀತಿಗೆ ಆನೆಗೊಂದಿ ಬೆಟ್ಟದ ಕೋತಿಗಳು ನನ್ನನ್ನು ಕುಲಕ್ಕೆ ಸೇರಿಸಿಕೊಳ್ಳಬೇಕಿತ್ತು.

ಹೇಗೂ ತೆರೆದಿತ್ತಲ್ಲ, ನೋಡಿದೆ. ಇಂಜಿನ್ನಿನ ಬಿಸಿನೀರು ಹೀಟರಿಗೆ ಹೋಗುವ ಪೈಪು, ವಾಪಸು ಬರುವ ಪೈಪು. ಎರಡನ್ನೂ ಮುಟ್ಟಿ ಎರಡೂ ಕೈ ಸುಟ್ಟುಕೊಂಡೆ. ನಡುವೆ ನೀರು ತಡೆಯುವ ವಾಲ್ವ್ ಮುಚ್ಚಿದ್ದರೆ ವಾಪಸಿನದು ತಣ್ಣಗಿರಬೇಕಿತ್ತು. ಒಳಗಿನ ಕಡ್ಡಿ ಎಳೆದರೆ ವಾಲ್ವ್ ತಿರುಗುತ್ತದೆಯೇ ಎಂದು ನೋಡಲು ಇನ್ನೊಬ್ಬರು ಬೇಕಾಯಿತು.

"ವೈನಿ, ಒಳಗ ಕುಂತು ಆ ಕಡ್ಡಿ ಎಳೀರಿ."

"ನಾ ಒಲ್ಲೆ. ನೀ ಕುಂದ್ರು, ನಾ ಇಲ್ಲಿ ನೋಡ್ತೀನಿ."

"ನೋಡಿದ್ರ ನಿಮಗೇನು ತಿಳೀತೈತಿ?"

"ಮುಂಜಾನಿಂದ ನಿನಗೇನು ತಿಳಿದೈತಿ? ಅಯ್ಯಯ್ಯೋ ಅಂದದ್ದಷ್ಟ ಕೇಳಿಸೈತಿ."

ಬೈಯುತ್ತಲೇ ಕೂತರು. ಎಳೆದರು. ಕೇಬಲ್ ಅಲುಗಿತು, ಆದರೆ ಅದರ ತುದಿ ವಾಲ್ವಿಗೆ ಸೇರಿರಲೇ ಇಲ್ಲ. ಯಾರೋ ಅದನ್ನು ಬಿಚ್ಚಿ, ವಾಲ್ವ್ ಸದಾ ತೆರೆದಿರುವಂತೆ ಬಾಳೆನಾರಿನ ಹುರಿಯಿಂದ ಬಿಗಿದು ಕಟ್ಟಿದ್ದರು. ವೈನಿ ಬುಟ್ಟಿ ಹೆಣೆಯುವ ಹುರಿ.

"ಇದು ಅಣ್ಣನ ಕೆಲಸಾನೇ ರೀ," ಎಂದೆ. "ತಲಿ ಕೆಟ್ಟಿತ್ತೇನು ಅವಗ?"

ಹುರಿ ಕತ್ತರಿಸಿದೆ. ಸ್ಪ್ರಿಂಗು ವಾಲ್ವನ್ನು ಎಳೆದು ಮುಚ್ಚಿತು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಬಗ್ಗಿ ನೋಡಿದೆ, ಒಳಗೆ ಗಾಳಿ ತಣ್ಣಗಾಗಿತ್ತು, ಯಾಲಕ್ಕಿಯೂ ಹೋಗಿತ್ತು.

"ದೆವ್ವ ಬಿಡಿಸೋರು ನಾವು! ಕಾಣಿಕಿ ಬ್ಯಾಡ, ಚಾ ಸಾಕು."

ವೈನಿ ಇಂಜಿನ್ನಿನ ಬಿಸಿ ತೋರಿಸುವ ಮೀಟರಿನತ್ತ ಕೈ ತೋರಿದರು. "ಈ ಮುಳ್ಳು ಯಾಕ ಕೆಂಪಿಗೆ ಹೊಂಟೈತಿ?"

ಇಂಜಿನ್ ಕುದಿಯುತ್ತಿತ್ತು. ಓಡಿಬಂದು ವಾಲ್ವನ್ನು ಬೆರಳಿನಿಂದಲೇ ತೆರೆದು ಹಿಡಿದೆ. ಹೀಟರಿನ ಫ್ಯಾನ್ ಹಾಕಲು ವೈನಿಗೆ ಕೂಗಿದೆ. ಮುಳ್ಳು ಮೆಲ್ಲಗೆ ಇಳಿಯಿತು ಎಂದರು ವೈನಿ. ಆಗ ಹೊಳೆಯಿತು. ಇಂಜಿನ್ ತಣ್ಣಗಿಡುವ ರೇಡಿಯೇಟರ್ ಕೆಟ್ಟಿತ್ತು. ಇಂಜಿನ್ನಿನ ಬೆಂಕಿಯನ್ನು ಹೀಟರಿನಿಂದ ತನ್ನ ಕಾಲಿಗೆ ಇಳಿಸಿಕೊಂಡು ಅಣ್ಣ ಕಾರನ್ನು ಊರು ಮುಟ್ಟಿಸುತ್ತಿದ್ದ. ಒಂದು ನಟ್ಟೂ ಸಡಿಲಿಲ್ಲ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿ ತಂದ ಕಾರು. ಕೆಟ್ಟಿದೆಯೆಂದು ಹೇಗೆ ಹೇಳಿಯಾನು? ನಾನಾಗಿದ್ದರೂ ಹೇಳುತ್ತಿರಲಿಲ್ಲ.

ಇದನ್ನು ವೈನಿಗೆ ಕೂಗಿ ಹೇಳಿದೆ. ಎತ್ತಿದ ಬಾನೆಟ್ಟಿನ ಆಚೆ ಅವರ ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಕೇಳಿಸಿತು, ನನಗಲ್ಲ, ಅಣ್ಣನಿಗೆ ಹೇಳಿದಂತೆ.

"ಗಾಡಿ ಕೆಟ್ಟೈತಿ ಅಂತ ಒಂದ್ ಮಾತು ಹೇಳಿದ್ರ, ನಾ ಯಾಕ್ರಿ ಇಳೀತಿದ್ದೆ?"

ವಾಲ್ವ್ ಹಿಡಿದ ಬೆರಳು ಬದಲಿಸಿದೆ.

"ಬಂದ್ ಮಾಡ್ರಿ ವೈನಿ, ಸಾಕು."

"ಇರ್ಲಿ. ಗುಜರಿಯವಗ ಬರಬ್ಯಾಡ ಅಂತ ಹೇಳು."

"ಹಂಗಾದ್ರ ಕಾರು ನಂದ?"

"ನಿಂದಂತ ಯಾರು ಹೇಳಿದ್ರು?"

ಕಾರಿನ ಬಾಗಿಲು ಹಾಕಿಕೊಂಡ ಸದ್ದಾಯಿತು. ಒಳಗೆ ಅವರ ಮಾತು ಮುಂದುವರಿಯಿತು, ಇಂಜಿನ್ನಿನ ಗದ್ದಲದಲ್ಲಿ ಏನೆಂದು ತಿಳಿಯಲಿಲ್ಲ. ನಾನು ಬೆರಳು ಸುಡುತ್ತಿದ್ದರೂ ವಾಲ್ವ್ ಬಿಡದೆ ನಿಂತೆ.