ಗಾಜಿನಲ್ಲಿ ಜರುಗದ ವಿಮಾನ

ದೆವ್ವ ಭೂತ ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಬದುಕಿದವನು ನಾನು. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಆದರೆ ಎಂಬತ್ತರ ದಶಕದ ಒಂದು ಬೆಳಗ್ಗೆ ನಡೆದದ್ದಕ್ಕೆ ನನ್ನಲ್ಲಿ ವಿವರಣೆಯಿಲ್ಲ.

ಆಗ ನಾನು ತೆಂಗಿನ ತೋಟಗಳ ಮೇಲೆ ಕಪ್ಪುತಲೆ ಹುಳುವಿಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನ ಹಾರಿಸುತ್ತಿದ್ದೆ. ನೊಣವಿನಕೆರೆ ಕಡೆಯ ಒಂದು ಬಯಲೇ ನಮ್ಮ ರನ್‌ವೇ. ರೇಡಿಯೋ ಇರಲಿಲ್ಲ, ಕಣ್ಣೇ ಕಾವಲು. ಎದುರಿನ ಗಾಜಿನಲ್ಲಿ ಆಚೀಚೆ ಜರುಗುವ ವಿಮಾನದಿಂದ ಭಯವಿಲ್ಲ. ಇದ್ದಲ್ಲೇ ಇದ್ದು ದೊಡ್ಡದಾಗುತ್ತ ಬಂದರೆ ಅದು ನಿಮಗೇ ಬಡಿಯುತ್ತದೆ, ಕೂಡಲೇ ಬಲಕ್ಕೆ ತಿರುಗಬೇಕು. ಕೆಳಗೆ ತೋಟದವರು ಕಾಯಿ ಕೀಳುವ ದೋಟಿಗೆ ಬಿಳಿ ಪಂಚೆ ಕಟ್ಟಿ ಎತ್ತಿ ಹಿಡಿಯುತ್ತಿದ್ದರು. ಪಂಚೆ ಮೇಲಿದ್ದರೆ ದಾರಿ ಸಲೀಸು, ಇಳಿಸಿದರೆ ಇನ್ನೊಂದು ವಿಮಾನ ಬರುತ್ತಿದೆ ಎಂದರ್ಥ.

ಹಿಂದಿನ ವರ್ಷ ನನ್ನ ಗೆಳೆಯ ರಘು ಆಕಾಶದಲ್ಲೇ ಸತ್ತಿದ್ದ. ನಮ್ಮ ಜೊತೆಯ ನಾಗೇಂದ್ರನ ವಿಮಾನ ಅವನದಕ್ಕೆ ಬಡಿದಿತ್ತು. ನಾಗೇಂದ್ರ ಹೇಗೋ ಇಳಿದು ಬದುಕಿಕೊಂಡ. ವಿಚಾರಣೆಯಲ್ಲಿ, ರಘುವೇ ನೋಡದೆ ಅಡ್ಡ ಬಂದ ಎಂದ. ಸತ್ತವನು ಎದ್ದು ಬಂದು ಇಲ್ಲ ಎನ್ನುತ್ತಾನೆಯೇ? ಸುತ್ತಮುತ್ತ ನೋಡದೆ ಹಾರುವ ಚಾಳಿ ಯಾರದೆಂದು ನಮಗೆಲ್ಲ ಗೊತ್ತಿತ್ತು, ಸಾಕ್ಷಿ ಇರಲಿಲ್ಲ ಅಷ್ಟೆ. ನಾಗೇಂದ್ರನ ಜೊತೆ ಊಟಕ್ಕೆ ಕೂತಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಅವನ ಬಾಯಿಂದಲೇ ನಿಜ ಕಕ್ಕಿಸಬೇಕೆಂದು ಹಲ್ಲು ಕಚ್ಚಿಕೊಂಡು ಕಾದಿದ್ದೆ.

ಆ ಬೆಳಗ್ಗೆ ನನ್ನ ವಿಮಾನ ರಿಪೇರಿಗೆ ನಿಂತಿತ್ತು. ನಾಗೇಂದ್ರ ಒಬ್ಬನೇ ಹಾರಿದ. ಬಯಲ ಅಂಚಿನ ತೋಟದಲ್ಲಿ ಪಂಚೆ ಹಿಡಿದ ಯಜಮಾನ ಸಿದ್ದಣ್ಣನವರ ಪಕ್ಕ ನಾನಿದ್ದೆ. ಇದ್ದಕ್ಕಿದ್ದಂತೆ ಅವರು ಪಂಚೆ ಇಳಿಸಿದರು.

“ಯಾಕಣ್ಣ ಇಳಿಸಿದ್ರಿ?” ಎಂದೆ.

“ಇನ್ನೊಂದ್ ಇಮಾನ ಬತ್ತಾ ಐತಲ್ಲ ಸ್ವಾಮಿ, ನಿಮ್ಗೆ ಕಾಣ್ಸಲ್ವಾ?”

ನನಗೆ ಕಂಡದ್ದು ಬರೀ ಆಕಾಶ. ಅಷ್ಟರಲ್ಲಿ ನಾಗೇಂದ್ರನ ವಿಮಾನ ತಟ್ಟನೆ ಬಲಕ್ಕೆ ಹೊರಳಿತು. ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ. ತೆಂಗಿನ ಗರಿ ಸವರಿಕೊಂಡು ಬಂದು ಬಯಲಿಗೆ ಬಿದ್ದಂತೆ ಇಳಿಯಿತು. ನಾವೆಲ್ಲ ಓಡಿದೆವು. ನಾಗೇಂದ್ರ ಕೆಳಗಿಳಿದು ಬಂದ.

“ಎತ್ತ ತಿರುಗಿದ್ರೂ ರಘು ವಿಮಾನ ಗಾಜಿನ ನಡುವೇನೇ ಇತ್ತು ಕಣೋ, ಜರುಗ್ಲೇ ಇಲ್ಲ. ಅವತ್ತು ನೋಡ್ದೆ ತಿರುಗ್ಸಿದ್ದು ನಾನೇ,” ಎಂದ, ಎಲ್ಲರೆದುರಿಗೆ.

ನನಗೆ ಕನಿಕರ ಬರಲಿಲ್ಲ. ರಟ್ಟೆ ಹಿಡಿದು ಜೀಪಿಗೆ ಹತ್ತಿಸಿ, ತುರುವೇಕೆರೆಯಲ್ಲಿ ರಘುವಿನ ತಾಯಿಯ ಮುಂದೆ ನಿಲ್ಲಿಸಿ ಅದೇ ಮಾತು ಹೇಳಿಸಿದೆ.

“ನನ್ ಮಗ ನೋಡ್ದೆ ಹಾರ್ಸೋನಲ್ಲ ಅಂತ ನಂಗೊತ್ತಿತ್ತು ಕಣಪ್ಪ. ನಿಂಗೂ ಗೊತ್ತಿತ್ತಾ ಅನ್ನೋದೊಂದೇ ತಿಳೀಬೇಕಿತ್ತು,” ಎಂದು ಆಕೆ ಎದ್ದು ಒಳಗೆ ಹೋದರು. ಹಗೆಯವನು ಬಂದರೂ ಎಳನೀರು ಕೆತ್ತಿ ಕೊಡುವ ಸೀಮೆ ನಮ್ಮದು. ಅವನಿಗೆ ಒಂದು ಲೋಟ ನೀರೂ ಬರಲಿಲ್ಲ.

ಮನಸ್ಸು ಚುಚ್ಚಿ ಅವನಿಗೆ ಹಾಗೆ ಕಂಡಿತು ಎನ್ನುವವರುಂಟು. ಒಪ್ಪೋಣ. ಸಿದ್ದಣ್ಣನವರಿಗೆ ಯಾವ ಪಾಪ ಚುಚ್ಚುತ್ತಿತ್ತು? ಅಲ್ಲಿ ಬಂದದ್ದು ಏನೆಂದು ನನಗೆ ಇಂದಿಗೂ ತಿಳಿದಿಲ್ಲ. ಏನೇ ಆಗಿರಲಿ, ಅದು ಇನ್ನೊಂದಿಷ್ಟು ಹೊತ್ತು ನಾಗೇಂದ್ರನೆದುರು ನಿಲ್ಲಬೇಕಿತ್ತು ಎಂದೇ ಈಗಲೂ ಅನಿಸುತ್ತದೆ.