ನನ್ನ ಕರಾರು ಓದಿಕೊಟ್ಟ ಕಾಕಾ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಉಗುರಿನ ಬುಡದವರೆಗೆ ನೀಲಿಯಾಗಿದ್ದವು. ಹೊಸಪೇಟೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರ ಸಾಲಿನಲ್ಲಿ ಅವರೂ ಇದ್ದರು. ಬೆರಳು ಚುಚ್ಚಲೆಂದು ಕೈ ಹಿಡಿದವಳು ಗಾಬರಿಯಾದೆ. ರಕ್ತ ಓಡದೆ ಹೀಗಾಗಿದೆಯೇನೋ ಅಂದುಕೊಂಡು, "ಯಾವಾಗಿಂದ ಹಿಂಗೈತ್ರಿ?" ಎಂದು ಕೇಳಿದೆ.

"ಮೂವತ್ತು ವರ್ಷ ಆತು," ಎಂದು ನಕ್ಕರು. "ರೋಗ ಅಲ್ಲವ್ವ, ಶಾಯಿ. ಮಂದಿ ಹೆಬ್ಬೆಟ್ಟು ಹಿಡದು ಒತ್ತಸ್ತೀನಲ್ಲ, ಅವರದು ತೊಳದ್ರ ಹೋಗತೈತಿ. ನಂದು ಹೋಗಂಗಿಲ್ಲ."

ಅವರು ನೋಂದಣಿ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂರುವ ಪತ್ರ ಬರಹಗಾರರು. ಕ್ರಯಪತ್ರ, ಭೋಗ್ಯಪತ್ರ, ಬಾಡಿಗೆ ಕರಾರು, ಅಣ್ಣತಮ್ಮಂದಿರ ಪಾಲುಪಟ್ಟಿ ಬರೆಯುವುದು ಅವರ ಕೆಲಸ. ನಾನು ಬಾಡಿಗೆಗಿದ್ದ ಕೋಣೆಯಿಂದ ಎರಡು ಓಣಿ ಆಚೆ ಅವರ ಮನೆ ಎಂದು ಆಮೇಲೆ ತಿಳಿಯಿತು. ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಬರುತ್ತ, "ನಿನ್ನ ಕೈ ಭಾಳ ಹಗುರ" ಎನ್ನುತ್ತ, ಸರದಿ ತಪ್ಪಿದರೂ ನನ್ನ ಮುಂದೆಯೇ ಕೂರುತ್ತ, ಯಾವಾಗ ಕಾಕಾ ಆದರೋ ನೆನಪಿಲ್ಲ. ನಾನು ಮೆಟ್ರಿ ಎಂಬ ಹಳ್ಳಿಯ ಕೂಲಿಕಾರರ ಮಗಳು. ಅವರದು ತಲೆತಲಾಂತರದಿಂದ ಊರಲ್ಲಿ ನೆಲೆನಿಂತ ಶೈವ ಮನೆತನ. ಮೊದಲ ಸಲ ನನ್ನ ಕೋಣೆಗೆ ಬಂದಾಗ ಗೋಡೆಯ ಮೇಲಿದ್ದ ಬುದ್ಧನ ಪಟವನ್ನು ಕಣ್ತುಂಬ ನೋಡಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಚಹಾ ಕೇಳಿದರು. "ಸಕ್ರಿ ಹಾಕು. ನಿಮ್ಮ ಕಾಕುಗ ಹೇಳಬ್ಯಾಡ."

ಕಾಗದವನ್ನು ಕೊನೆಯ ಪುಟದಿಂದ ಓದುವುದು ಅವರ ಅಭ್ಯಾಸ. "ಮೊದಲನೇ ಪುಟದಾಗ ಬರೇ ಮರ್ಯಾದಿ ಮಾತಿರತಾವು. ಅವರ ಮನಸಿನ್ಯಾಗ ಏನೈತಿ ಅನ್ನೋದು ಕೊನೀಗೆ ಬರತೈತಿ," ಎನ್ನುತ್ತಿದ್ದರು. ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಗಟ್ಟಿಯಾಗಿ ಓದಿ, ಎದುರು ಕೂತವರಿಗೆ "ಈಗ ನೀ ಹೇಳು, ಇದರಾಗ ಏನೈತಿ?" ಎಂದು ಕೇಳುತ್ತಿದ್ದರು. ಗಿರಾಕಿಗಳು ತಮ್ಮ ಮಾತಿನಲ್ಲಿ ಹೇಳಿದ ಮೇಲೆಯೇ ಶಾಯಿಯ ಡಬ್ಬಿ ತೆರೆಯುವುದು. ಅವಸರದ ಮಂದಿ ಬೈದುಕೊಂಡು ಪಕ್ಕದ ಮೇಜಿಗೆ ಹೋಗುತ್ತಿದ್ದರು.

ಒಂದು ಸಲ ನಾನು ಅಲ್ಲೇ ಇದ್ದೆ. ಕಡ್ಡಿರಾಂಪುರದ ಒಬ್ಬ ಮುದುಕಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಒಬ್ಬ ಬಂದಿದ್ದ. ರಸ್ತೆ ಪಕ್ಕದ ಅವಳ ಹೊಲದಲ್ಲಿ ಪ್ರವಾಸಿಗರಿಗೆ ಕೋಣೆ ಕಟ್ಟಿಸುತ್ತಾನಂತೆ. ಕರಾರು ಟೈಪು ಮಾಡಿಸಿಯೇ ತಂದಿದ್ದ. ಕಾಕಾ ಓದಿ ಮುಗಿಸಿ ಮುದುಕಿಯನ್ನು ಕೇಳಿದರು. "ಐದು ವರ್ಷಕ್ಕ ಹೊಲ ಕೊಟ್ಟೀನ್ರಿ," ಅಂದಳು ಅವಳು.

"ಹಂಗಿಲ್ಲ ಬೇ ಇದರಾಗ. ಐದು ವರ್ಷ ಆದ ಮ್ಯಾಲೆ ಇವರು ಸಾಕು ಅನ್ನೋತನಕ ಇವರದಂತ. ನೀ ಸಾಕು ಅಂದ್ರ ನಡಿಯಂಗಿಲ್ಲಂತ."

ಆತ ಕಾಗದ ಕಿತ್ತುಕೊಂಡು ಪಕ್ಕದ ಮೇಜಿಗೆ ಹೋದ. ಅಲ್ಲಿ ಐದು ನಿಮಿಷದಲ್ಲಿ ಹೆಬ್ಬೆಟ್ಟು ಬಿತ್ತು. ಮುದುಕಿ ಹೋಗುವಾಗ ಕಾಕಾನ ಕಡೆ ತಿರುಗಿ ಕೈಮುಗಿದಳು. ಅವರು ಕೈ ಮುಗಿಯಲಿಲ್ಲ. "ಓದಿ ಹೇಳಬೌದವ್ವ. ಕೈ ಹಿಡದು ನಿಂದ್ರಸಾಕ ಬರಂಗಿಲ್ಲ," ಎಂದಷ್ಟೇ ಸಂಜೆ ಹೇಳಿದರು.

ನಾನು ಕಾದಂಬರಿ ಬರೆಯುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನನ್ನವ್ವ ಹರೆಯದಲ್ಲಿ ಮೆಟ್ರಿಯ ಹೆಂಗಸರ ಜೊತೆ ಸಂಡೂರಿನ ಗುಡ್ಡಕ್ಕೆ ಅದಿರು ಒಡೆಯಲು ಹೋಗುತ್ತಿದ್ದಳು. ಸುತ್ತಿಗೆಯಲ್ಲಿ ಕಲ್ಲು ಒಡೆದು, ಆರಿಸಿ, ಬುಟ್ಟಿ ತುಂಬುವ ಕೆಲಸ. ಅಲ್ಲೇ ತಟ್ಟಿ ಗುಡಿಸಲಿನಲ್ಲಿ ಇರುತ್ತಿದ್ದರು. ಬೆವರೂ ಕೆಂಪು, ಉಗುಳೂ ಕೆಂಪು. ಆ ಗುಂಪಿನ ಇಬ್ಬರು ಕೆಮ್ಮುತ್ತಲೇ ಸತ್ತರು. ಅವ್ವ ಹೇಳಿದ್ದನ್ನೆಲ್ಲ ಮೂರು ವರ್ಷ ಬರೆದೆ. ಪ್ರಕಾಶನ ಸಂಸ್ಥೆಯೊಂದು ಹೊಸಬರ ಕಾದಂಬರಿ ಸ್ಪರ್ಧೆ ನಡೆಸುತ್ತಿದೆ ಎಂದು ಮೊಬೈಲಿನಲ್ಲಿ ನೋಡಿದೆ. 'ಎಲ್ಲ ನಿಯಮಗಳಿಗೆ ಒಪ್ಪಿದ್ದೇನೆ' ಎಂಬಲ್ಲಿ ಗುರುತು ಹಾಕಿ ಕಳಿಸಿಬಿಟ್ಟೆ. ನಿಯಮ ಓದಲಿಲ್ಲ.

ಏಳು ತಿಂಗಳ ಮೇಲೆ ಮೊದಲ ಬಹುಮಾನ ಬಂತು. ಲ್ಯಾಬಿನಲ್ಲಿ ಪೇಡೆ ಹಂಚಿದೆ. ಅವ್ವ ಮೆಟ್ರಿಯಿಂದ ಫೋನಿನಲ್ಲೇ, "ನಾನೂ ಸ್ಟೇಜ್ ಮ್ಯಾಲೆ ಬರಬೌದೇನು?" ಎಂದು ಕೇಳಿದಳು. ಎರಡು ದಿನಕ್ಕೆ ಒಪ್ಪಂದಪತ್ರ ಬಂತು. ಹತ್ತು ದಿನದೊಳಗೆ ಸಹಿ ಮಾಡಿ ಕಳಿಸಬೇಕು. ಅದನ್ನು ಪ್ರಿಂಟ್ ತೆಗೆಸಿ ಕಾಕಾನ ಮುಂದಿಟ್ಟದ್ದು ಸಲಹೆಗಲ್ಲ. ತೋರಿಸಿ ಹೆಮ್ಮೆಪಡಲಿಕ್ಕೆ.

ಕಾಕಾ ಕನ್ನಡಕ ಒರೆಸಿಕೊಂಡು ಕೊನೆಯ ಪುಟ ಹಿಡಿದರು. ಗಟ್ಟಿಯಾಗಿ ಓದಲಿಲ್ಲ. ಎದುರಿನ ಕುರ್ಚಿಯಲ್ಲಿದ್ದ ಗಿರಾಕಿಗೆ "ನಾಳೆ ಬರ್ರಿ" ಎಂದರು. ನನ್ನನ್ನು ಅಲ್ಲಿ ಕೂರಿಸಿದರು.

"ಹೇಳು, ಇದರಾಗ ಏನೈತಿ?"

"ಪುಸ್ತಕ ಮಾಡತಾರ ಕಾಕಾ. ಬಹುಮಾನ ಕೊಡತಾರ."

"ಮಾಡತಾರ ಅಂತ ಎಲ್ಲೈತಿ? ಮಾಡಬೌದು ಅಂತೈತಿ." ಸ್ಕೇಲನ್ನು ಆ ಸಾಲಿನ ಕೆಳಗಿಟ್ಟರು. "ಮಾಡಲಿ ಬಿಡಲಿ, ಹಕ್ಕು ಮಾತ್ರ ಕಾಯಂ ಅವರದು. ಪುಸ್ತಕ, ಸಿನಿಮಾ, ನಾಟಕ, ಬ್ಯಾರೆ ಭಾಷೆ, ಇನ್ನೂ ಹುಟ್ಟದ ಯಂತ್ರದಾಗ ಬರೋದೂ ಅವರದ. ಕಥಿ ಬದಲಿ ಮಾಡಬೌದು, ಹೆಸರು ಬದಲಿ ಮಾಡಬೌದು, ನಿನ್ನ ಕೇಳಂಗಿಲ್ಲ. ನೀ ಮುಂದ ಬರಿಯೋ ಎರಡು ಕಾದಂಬರಿನೂ ಮೊದಲು ಅವರಿಗೇ ತೋರಸಬೇಕು. ಬಹುಮಾನದ ಮ್ಯಾಲೆ ಒಂದು ಪೈಸಾ ಇಲ್ಲ. ಹಿಂದ ಹಚ್ಚಿದ ಸ್ಪರ್ಧೆ ನಿಯಮದಾಗ ಇನ್ನೊಂದು ಐತಿ ನೋಡು, ಬಹುಮಾನ ಬರಲಾರದವರ ಕಾದಂಬರಿನೂ ಒಂದು ವರ್ಷ ಅವರ ಹತ್ರನ ಇರತೈತಿ."

ನನಗೆ ಸಿಟ್ಟು ಬಂತು. "ಎಲ್ಲಾರೂ ಹಿಂಗ ಮಾಡತಾರ ಕಾಕಾ. ನಮ್ಮಂಥೋರ ಪುಸ್ತಕ ಬ್ಯಾರೆ ಯಾರು ಮಾಡತಾರ?" ಎಂದೆ.

ಅವರು ಕನ್ನಡಕ ತೆಗೆದರು. ನನ್ನನ್ನು ನೋಡಲಿಲ್ಲ, ಕಚೇರಿಯ ಗೇಟಿನ ಕಡೆ ನೋಡುತ್ತ ಹೇಳಿದರು. ಮೂವತ್ತೆರಡನೆಯ ವಯಸ್ಸಿನಲ್ಲಿ ಅವರೂ ಒಂದು ಕಾದಂಬರಿ ಬರೆದಿದ್ದರು. ಕಂಪ್ಲಿಯ ಹೊಳೆಯಲ್ಲಿ ಹರಿಗೋಲು ಹಾಕುವ ಒಂದು ಮನೆಯವರ ಕಥೆ. ಸೇತುವೆ ಬಂದು ಕೆಲಸ ತಪ್ಪಿದ ಮೇಲೂ ಹರಿಗೋಲು ಬಿಡದ ಗಂಡ, ಬಿಡಿಸಲಾಗದ ಹೆಂಡತಿ. ಆಗಿನ ಇನ್ನೊಬ್ಬ ಪ್ರಕಾಶಕರ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ಶಾಲು ಹೊದಿಸಿದರು, ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕೈಬರಹದ ಒಂದೇ ಪ್ರತಿ ಪ್ರಕಾಶಕರಲ್ಲೇ ಉಳಿಯಿತು. ಪುಸ್ತಕ ಮಾತ್ರ ಬರಲೇ ಇಲ್ಲ. ಮೂರು ವರ್ಷ ಕಾದು ವಾಪಸು ಕೇಳಿದರೆ, ಹಕ್ಕು ನಮ್ಮದು, ಅನುಕೂಲವಾದಾಗ ಪ್ರಕಟಿಸುತ್ತೇವೆ ಎಂದು ಎರಡು ಸಾಲಿನ ಉತ್ತರ ಬಂತು.

"ಆಗೂ ನಾನು ಇದೇ ಮರದ ಬುಡಕ ಕುಂದ್ರತಿದ್ದೆ," ಎಂದರು. "ದಿನಾ ಮಂದಿಗೆ ಓದಿ ಹೇಳತಿದ್ದೆ. ನಂದು ಬಂದಾಗ ಓದಲಿಲ್ಲ. ಖುಷಿ ಅಂದ್ರ ಹಂಗವ್ವ, ಕಣ್ಣು ಕಾಣಂಗಿಲ್ಲ."

ಆ ಮೇಲೆ ಅವರು ಕಥೆ ಬರೆಯಲಿಲ್ಲ.

ಮರುದಿನ ಇಬ್ಬರೂ ಕೂತು ಪ್ರಕಾಶಕರಿಗೆ ಪತ್ರ ಬರೆದೆವು. ಹಕ್ಕು ಐದು ವರ್ಷಕ್ಕೆ, ಪುಸ್ತಕರೂಪಕ್ಕೆ ಮಾತ್ರ. ಒಂದೂವರೆ ವರ್ಷದಲ್ಲಿ ಅಚ್ಚಾಗದಿದ್ದರೆ ನನಗೆ ವಾಪಸು. ನನ್ನನ್ನು ಕೇಳದೆ ತಿದ್ದುವಂತಿಲ್ಲ. ಮುಂದಿನ ಬರವಣಿಗೆಯ ಮಾತು ಇದರಲ್ಲಿ ಬೇಡ. ಹೊಲದ ಕರಾರಿನಷ್ಟೇ ನೇರವಾದ ಕನ್ನಡದಲ್ಲಿ ಕಾಕಾ ಅದನ್ನು ಬರೆಸಿದರು. ಜಗಳದ ಒಂದು ಮಾತೂ ಅದರಲ್ಲಿರಲಿಲ್ಲ.

ನಾಲ್ಕನೇ ದಿನ ಫೋನ್ ಬಂತು. ಮಾತಾಡಿದವರು ಒಳ್ಳೆಯವರೇ. "ನೋಡಮ್ಮ, ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿಲ್ಲ. ಸಹಿ ಮಾಡದಿದ್ದರೆ ಬಹುಮಾನ ಎರಡನೆಯವರಿಗೆ ಹೋಗುತ್ತೆ. ಯೋಚನೆ ಮಾಡಿ," ಎಂದರು. ಒಂದನ್ನು ಮಾತ್ರ ಬಿಟ್ಟುಕೊಟ್ಟರು: ಸಹಿ ಮಾಡದಿದ್ದರೆ ಕಾದಂಬರಿಯನ್ನು ಅವರು ಇಟ್ಟುಕೊಳ್ಳುವುದಿಲ್ಲ.

ನಾನು ಮೆಟ್ರಿಗೆ ಹೋದೆ. ಅವ್ವ ಆಗಲೇ ಹೊಸ ಸೀರೆ ತಂದಿಟ್ಟಿದ್ದಳು. ಕಾಕಾ ಮಾಡುತ್ತಿದ್ದ ಹಾಗೆಯೇ ಪ್ರತಿ ಷರತ್ತನ್ನೂ ಅವಳಿಗೆ ಬಿಡಿಸಿ ಹೇಳಿದೆ. ಅವಳಿಗೆ ಉಳಿದದ್ದೆಲ್ಲ ಅರ್ಥವಾಗಲಿಲ್ಲ, ಒಂದನ್ನು ಹಿಡಿದುಕೊಂಡಳು. "ನಮ್ಮ ಕಥೀನ ಅವರು ಬದಲಿ ಮಾಡಬೌದಾ? ಸತ್ತೋರನ್ನೂ?" ಹೌದೆಂದೆ. ಅವಳು ಸೀರೆಯನ್ನು ಟ್ರಂಕಿಗೆ ಹಾಕಿದಳು. ಹಾಕುವಾಗ ಅತ್ತಳು. ನಾನು ಸಹಿ ಮಾಡಲಿಲ್ಲ.

ಅದೊಂದು ಗೆಲುವು ಎಂದು ನನಗೆ ಈಗಲೂ ಅನಿಸುವುದಿಲ್ಲ. ಬಹುಮಾನ ಇನ್ನೊಬ್ಬರಿಗೆ ಹೋಯಿತು, ಅವರ ಪುಸ್ತಕ ಬಂತು, ಎಲ್ಲ ಕಡೆ ಸಿಗುತ್ತದೆ. ನನ್ನದನ್ನು ಒಂದೂವರೆ ವರ್ಷದ ಮೇಲೆ ಹೊಸಪೇಟೆಯ ಸಣ್ಣ ಪ್ರೆಸ್ಸಿನಲ್ಲಿ ಮುನ್ನೂರು ಪ್ರತಿ ಹಾಕಿಸಿದೆ. ಕರಡನ್ನು ಕಾಕಾ ಎರಡು ಸಲ ತಿದ್ದಿದರು. ಅರ್ಧಕ್ಕಿಂತ ಹೆಚ್ಚು ಪ್ರತಿ ಇನ್ನೂ ನನ್ನ ಮಂಚದ ಕೆಳಗಿವೆ. ಬಹುಮಾನ ಕೈತಪ್ಪಿದ ಹೊಸದರಲ್ಲಿ ಕಾಕಾನ ಮೇಲೆ ನನಗೆ ಒಳಗೊಳಗೇ ಮುನಿಸಿತ್ತು. ತಾವು ಕಳಕೊಂಡದ್ದಕ್ಕೆ ನಾನೂ ಕಳಕೊಳ್ಳುವಂತೆ ಮಾಡಿದರಲ್ಲ ಎಂದುಕೊಂಡು ಎರಡು ತಿಂಗಳು ಅವರ ಮೇಜಿನ ಕಡೆ ಹೋಗಲಿಲ್ಲ. ಅವರೂ ಆ ಎರಡು ತಿಂಗಳು ರಕ್ತ ಕೊಡಲು ಬರಲಿಲ್ಲ. ಮೂರನೇ ತಿಂಗಳು ಬಂದಾಗ ಸಕ್ಕರೆ ಮಿತಿಮೀರಿತ್ತು, ಎಡಗಾಲಿನ ಹುಣ್ಣು ಮಾಯದೆ ನಿಂತಿತ್ತು. "ಬ್ಯಾರೆಯವರ ಕೈ ನನಗ ನೋವಾಗತೈತಿ," ಎಂದರು. ನಾಚಿಕೆಯಿಂದ ಬಗ್ಗಿ ಅವರ ಕಾಲಿನ ಹುಣ್ಣು ನೋಡಿದೆ.

ಕಾಲಿನಿಂದಾಗಿ ಮೇಜಿನ ಹತ್ತಿರ ಹೋಗುವುದು ನಿಂತಿತು. ಸಂಜೆ ಲ್ಯಾಬ್ ಮುಗಿಸಿ ಅವರ ಮನೆಗೆ ಹೋಗಿ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದೆ. ಒಂದು ಸಂಜೆ ಕೇಳಿಯೇಬಿಟ್ಟೆ. "ಕಾಕಾ, ನಿಮ್ಮ ಹರಿಗೋಲಿನ ಕಥಿ ಹೇಳ್ರಿ. ನಾ ಬರಕೊಂತೀನಿ."

"ಅದು ನಂದಲ್ಲವ್ವ."

"ಆ ಮಂದಿ ಅದಾರೋ ಇಲ್ಲೋ. ಯಾರಿಗೆ ಗೊತ್ತಾಗತೈತಿ?"

"ಸಹಿ ನಂದ ಐತಲ್ಲ? ನನಗ ಗೊತ್ತಾಗತೈತಿ." ವಕೀಲರೊಬ್ಬರು ಅಂಥ ಕರಾರನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದು ಹಿಂದೆಯೇ ಹೇಳಿದ್ದರಂತೆ. ಇವರು ಹೋಗಿರಲಿಲ್ಲ. ಮಂದಿಯ ಕೈಯಲ್ಲಿ ಕರಾರು ಪಾಲಿಸುತ್ತೇನೆಂದು ಬರೆಸಿಕೊಂಡು ಬದುಕಿದವನು ತನ್ನದನ್ನು ಮುರಿಯುವುದು ಹೇಗೆ ಎಂಬುದು ಅವರ ಲೆಕ್ಕ. ನನಗೆ ಅದು ಹಟವಾಗಿ ಕಂಡಿತು. ಎಷ್ಟು ಜಗಳವಾಡಿದರೂ ಮೊದಲ ದೃಶ್ಯ ಒಂದನ್ನು ಬಿಟ್ಟು ಅವರು ಏನನ್ನೂ ಹೇಳಲಿಲ್ಲ. ಹರಿಗೋಲಿನ ತಳಕ್ಕೆ ಹೆಂಡತಿ ಡಾಂಬರು ಬಳಿಯುತ್ತಿದ್ದಾಳೆ, ಗಂಡ ಸೇತುವೆಯ ಮೇಲೆ ಹೋಗುವ ಬಸ್ಸಿಗೆ ಬೆನ್ನು ಮಾಡಿ ಕೂತಿದ್ದಾನೆ. ಅಲ್ಲಿಗೆ ನಿಲ್ಲಿಸಿ, "ಸಾಕು," ಎಂದರು.

ಪತ್ರ ಬರೆಯಲು ಮಾತ್ರ ಒಪ್ಪಿದರು. ಹಳೆಯ ಪ್ರಕಾಶಕರು ತೀರಿಹೋಗಿದ್ದರು, ಸಂಸ್ಥೆಯನ್ನು ಬೇರೆಯವರು ಕೊಂಡಿದ್ದರು. ಕಾಕಾ ಹೇಳಿದಂತೆ ನಾನು ಟೈಪು ಮಾಡಿದೆ: ಇಂಥ ಕಾದಂಬರಿ, ಇಂಥ ಕರಾರು, ಪ್ರಕಟವಾಗಿಲ್ಲ, ದಯವಿಟ್ಟು ಹಕ್ಕು ಬಿಟ್ಟುಕೊಡಿ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಒಂದು ತಿಂಗಳಾಯಿತು, ಎರಡಾಯಿತು. ಮತ್ತೊಂದು ಕಳಿಸಿದೆವು. ನಾನು ಪಟ್ಟಿ ಕಟ್ಟಲು ಹೋದಾಗಲೆಲ್ಲ ಅವರು ಆ ಮಾತು ಎತ್ತುತ್ತಿರಲಿಲ್ಲ, ಅಂಚೆಯವನು ಬರುವ ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದರು ಅಷ್ಟೆ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಕಾಲು ತೆಗೆದರು. ನಂಜು ಅಷ್ಟರಲ್ಲಿ ಮೇಲೇರಿತ್ತು. ಕೊನೆಯ ಸಲ ನೋಡಿದಾಗ ಮಾತು ತೊದಲುತ್ತಿತ್ತು, ಆದರೂ ನನ್ನ ಗುರುತು ಸಿಕ್ಕಿತು. "ಇನ್ನೊಂದು ಬರಿಯಾಕ ಹತ್ತೀಯಾ?" ಎಂದರು. ಹೂಂ ಎಂದೆ. ಸುಳ್ಳು ಹೇಳಿದ್ದೆ. ಮಾರನೇ ದಿನ ಮಧ್ಯಾಹ್ನ ಹೋಗಿಬಿಟ್ಟರು.

ಆ ಸುಳ್ಳು ನಿಜ ಮಾಡಲು ನನಗೆ ಒಂದು ವರ್ಷ ಹಿಡಿಯಿತು. ಈಗ ಬರೆಯುತ್ತಿದ್ದೇನೆ. ಇದನ್ನು ಯಾರು ಅಚ್ಚು ಹಾಕುತ್ತಾರೋ ಗೊತ್ತಿಲ್ಲ. ಆದರೆ ಗುಡ್ಡದಲ್ಲಿ ಕೆಮ್ಮಿ ಸತ್ತ ಆ ಇಬ್ಬರು ಹೆಂಗಸರು ನನ್ನ ಮೊದಲ ಪುಸ್ತಕದಲ್ಲಿ ಅವ್ವ ಹೇಳಿದ ಹಾಗೆಯೇ ಸತ್ತಿದ್ದಾರೆ, ಯಾರೂ ಅವರನ್ನು ಬದುಕಿಸಿ ಹಾಡು ಹೇಳಿಸಿಲ್ಲ. ಅಷ್ಟನ್ನು ಉಳಿಸಿಕೊಟ್ಟವರು ಕಾಕಾ.

ಅವರು ಹೋಗಿ ಮೂರು ವಾರಕ್ಕೆ ಅವರ ಹೆಂಡತಿ, ಕಾಕು, ನನ್ನನ್ನು ಕರೆಸಿದರು. ಕಾಕಾನ ಪತ್ರಕ್ಕೆ ಉತ್ತರವಾಗಿ ಅಂಚೆಯಲ್ಲಿ ಒಂದು ಲಕೋಟೆ ಬಂದಿತ್ತು. ಅವರಿಗೆ ಓದಲು ಬಾರದು. ಹಸ್ತಪ್ರತಿ ನಮ್ಮಲ್ಲಿ ಎಲ್ಲೂ ಸಿಗಲಿಲ್ಲ, ಆದ್ದರಿಂದ ಆ ಕೃತಿಯ ಎಲ್ಲ ಹಕ್ಕನ್ನೂ ಲೇಖಕರಿಗೆ ಹಿಂದಿರುಗಿಸಿದ್ದೇವೆ, ಅವರು ಅದನ್ನು ಎಲ್ಲಿ ಬೇಕಾದರೂ ಪ್ರಕಟಿಸಲು ನಮ್ಮ ಅಭ್ಯಂತರವಿಲ್ಲ ಎಂದಿತ್ತು. ಕೆಳಗೆ ಮುದ್ರೆ, ಸಹಿ. ಕಾಕುಗೆ ಗಟ್ಟಿಯಾಗಿ ಓದಿ ಹೇಳಿದೆ.

"ಅಂದ್ರ, ಇನ್ನ ಅವರು ಬರೀಬೌದಂತೇನವ್ವ?" ಎಂದು ಕಾಕು ಕೇಳಿದರು.

"ಹೂಂ ಕಾಕು," ಎಂದೆ. "ಬರೀಬೌದಂತ."