ನನ್ನ ಕಾದಂಬರಿಗೊಂದು ಮುನ್ನುಡಿ

ತೊಂಬತ್ತರ ದಶಕದಲ್ಲಿ ನಾನು ಕೊಟ್ಟೂರಿನಲ್ಲಿ ವಿಜ್ಞಾನದ ಮೇಷ್ಟ್ರು, ಜೊತೆಗೆ ಪತ್ತೇದಾರಿ ಕಾದಂಬರಿಕಾರ. ನನ್ನ ಕಥೆಗಳಲ್ಲಿ ಬೇರೆ ಗ್ರಹದವರು ಹೊಸಹಳ್ಳಿಯ ಬಯಲಿಗೆ ಬಂದಿಳಿದು, ಮಿರ್ಚಿ ಮಂಡಕ್ಕಿಯ ರುಚಿ ಹತ್ತಿ, ವಾಪಸ್ ಹೋಗಲು ತಕರಾರು ಮಾಡುತ್ತಿದ್ದರು. ನಡುವೆ ಒಂದು ಕೊಲೆ. ಜನ ನಗುತ್ತ ಓದುತ್ತಿದ್ದರು. ಆದರೆ ನಮ್ಮ ಕಡೆಯ ಸಾಹಿತಿಗಳ ಕಣ್ಣಿಗೆ ನಗಿಸುವವನು ಲೇಖಕನೇ ಅಲ್ಲ. ಸಮ್ಮೇಳನಗಳಲ್ಲಿ ನನಗೆ ಕೊಡುತ್ತಿದ್ದ ಕೆಲಸ ಮೈಕ್ ಸರಿಮಾಡುವುದು. ವಿಜ್ಞಾನದ ಮೇಷ್ಟ್ರಲ್ಲವೇ!

ಈ ಮಹನೀಯರ ಸಾಲಿನಲ್ಲಿ ಕೂರಬೇಕೆಂಬ ಹುಚ್ಚು ನನಗೂ ಹತ್ತಿತು. ಅದಕ್ಕಿದ್ದ ದಾರಿ ಮುನ್ನುಡಿ. ಹರಪನಹಳ್ಳಿಯಲ್ಲಿ ಕನ್ನಡದ ಅಧ್ಯಾಪಕರೊಬ್ಬರಿದ್ದರು. ಅವರ ಮುನ್ನುಡಿ ಇಲ್ಲದೆ ಕೂಡ್ಲಿಗಿಯಿಂದ ಹಡಗಲಿವರೆಗೆ ಕವನ ಸಂಕಲನವಿರಲಿ, ಲಗ್ನಪತ್ರಿಕೆಯೂ ಅಚ್ಚಾಗುತ್ತಿರಲಿಲ್ಲವೇನೋ. ಏಳು ತಿಂಗಳು ಅಲೆದೆ. ಹೋದಾಗಲೆಲ್ಲ ಅವರು ಹಸ್ತಪ್ರತಿಯನ್ನು ಎರಡು ಬೆರಳಲ್ಲಿ ಹಿಡಿದು, "ಇದರಾಗ ಬದುಕು ಎಲ್ಲೈತ್ರಿ ಮೇಷ್ಟ್ರ?" ಎನ್ನುತ್ತಿದ್ದರು. ಅವರ ಪದ್ಯಗಳಲ್ಲಿ ಬದುಕು ಎಷ್ಟಿತ್ತೆಂದರೆ, ಕೇಳುವವರು ಆಕಳಿಸಲೂ ಹೆದರುತ್ತಿದ್ದರು.

ಕೊನೆಗೂ ನಾಲ್ಕು ಪುಟ ಬರೆದುಕೊಟ್ಟರು. ಬಸ್ಸಿನಲ್ಲೇ ಓದಿದೆ. ವಾಡಿಕೆಯಂತೆ ಮೊದಲು ಕಥೆಯನ್ನೆಲ್ಲ ಹೇಳಿ ಆಮೇಲೆ ಮೆಚ್ಚಿದ್ದರು. ಎರಡನೆಯ ಪುಟದಲ್ಲಿ ಹೀಗಿತ್ತು: 'ಕಾಂಪೌಂಡರನೇ ಕೊಲೆಗಾರನೆಂದು ಕೊನೆಯಲ್ಲಿ ತಿಳಿದಾಗ ಮನುಷ್ಯನ ಅಧಃಪತನಕ್ಕೆ ಮನಸ್ಸು ಮರುಗುತ್ತದೆ.' ಇನ್ನೂರು ಪುಟ ನಾನು ಬಚ್ಚಿಟ್ಟವನನ್ನು ಈ ಮಹಾನುಭಾವರು ಒಂದೇ ಸಾಲಿನಲ್ಲಿ ಹಿಡಿದುಕೊಟ್ಟಿದ್ದರು! ತಿರುಗಿ ಹೋಗಿ, ಆ ಸಾಲು ತೆಗೆಯಿರಿ ಎನ್ನಬೇಕಿತ್ತು. ಎಲ್ಲಿ ಸಿಟ್ಟಾಗಿ ಮುನ್ನುಡಿಯನ್ನೇ ಕಿತ್ತುಕೊಳ್ಳುತ್ತಾರೋ ಎಂದು ಬಾಯಿ ಮುಚ್ಚಿಕೊಂಡೆ. ಹಾಗೆಯೇ ಅಚ್ಚಾಯಿತು. ಬಿಡುಗಡೆಯ ದಿನ ವೇದಿಕೆ ಸಿಕ್ಕಿತು, ಶಾಲೂ ಬಂತು. ಅಧ್ಯಾಪಕರು ಭಾಷಣದಲ್ಲಿ ಕೊಲೆಗಾರನ ಹೆಸರನ್ನು ಇನ್ನೆರಡು ಸಲ ಹೇಳಿದರು.

ಕೂಡ್ಲಿಗಿ ರಸ್ತೆಯಲ್ಲಿ ಸ್ಕೂಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರು ನನ್ನ ಖಾಯಂ ಓದುಗರು. ಅರ್ಧ ಪುಸ್ತಕ ಓದಿ, ಕೊಲೆಗಾರ ಯಾರೆಂದು ಊಹಿಸಿ, ರಟ್ಟಿನ ಒಳಗೆ ಬರೆದಿಡುತ್ತಿದ್ದರು. ಪ್ರತಿ ಸಲ ತಪ್ಪುತ್ತಿತ್ತು. ನಾನು ಹೋದಾಗ ಅದನ್ನು ತೋರಿಸಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಆ ನಗು ಕೇಳಲೆಂದೇ ನಾನು ಬರೆಯುತ್ತಿದ್ದೆ ಎಂದರೂ ಸರಿಯೇ.

ಈ ಸಲ ನಗಲಿಲ್ಲ. ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತ, "ಸರ, ಯಾರೋ ದೊಡ್ಡೋರು ಮೊದಲಿಗೇ ಹೇಳಿಬಿಟ್ಟಾರಲ್ರಿ. ಅಚ್ಚಿಗೆ ಕೊಡೂಕಿಂತ ಮುಂಚೆ ನೀವದನ್ನ ಓದಿದ್ದಿಲ್ಲೇನ್ರಿ?" ಎಂದರು.

"ಇಲ್ರಿ" ಎಂದೆ.

"ಅದಕ್ಕ ಮತ್ತ! ಓದಿದ್ರ ನೀವು ಬಿಡ್ತಿದ್ದಿಲ್ಲ" ಎಂದು ನನ್ನ ಪರವಾಗಿ ಆ ಅಧ್ಯಾಪಕರನ್ನು ಬಾಯಿತುಂಬ ಬೈದರು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಆದರೂ ಹೌದೌದು ಎನ್ನುತ್ತ ನಾನೂ ಅವರ ಜೊತೆ ಸೇರಿ ಬೈದೆ.